ದನ ಮೇಯುವಲ್ಲಿ ವಲಸೆ ಹಕ್ಕಿ ಇರುವುದಿಲ್ಲವೇ?

ನಂಬಿಕೆ: ವಲಸೆ ಹಕ್ಕಿಗಳು ಉಳಿಯಬೇಕಾದರೆ ಹುಲ್ಲುಗಾವಲಿಗೆ ದನ ಬಿಡಲೇಬಾರದು.

ವಾಸ್ತವ: ಎಲ್ಲ ಕಡೆಯೂ ಹಾಗಲ್ಲ. ಅರ್ಜೆಂಟೀನಾ, ಉರುಗ್ವೆ ಮತ್ತು ದಕ್ಷಿಣ ಬ್ರೆಜಿಲ್‌ನ ಪಂಪಾಸ್ ಹುಲ್ಲುಗಾವಲಿಗೆ ಪ್ರತಿವರ್ಷ ಬಫ್-ಬ್ರೆಸ್ಟೆಡ್ ಸ್ಯಾಂಡ್‌ಪೈಪರ್ ಎಂಬ ಪುಟ್ಟ ಹಕ್ಕಿ ಆರ್ಕ್‌ಟಿಕ್ ಪ್ರದೇಶದಿಂದ ಹಾರಿ ಬರುತ್ತದೆ. ನೀರಂಚಿನ ಹಕ್ಕಿಗಳ ಗುಂಪಿಗೆ ಸೇರಿದರೂ ಅದು ಹೆಚ್ಚಾಗಿ ಕಾಣುವುದು ಕೆಸರಿನಲ್ಲಲ್ಲ, ದನ ಮೇಯ್ದು ಗಿಡ್ಡವಾದ ಹುಲ್ಲಿನಲ್ಲಿ. ಓಡಾಡುತ್ತಾ ಕಣ್ಣಿಂದಲೇ ಹುಳು ಹುಡುಕುವ ಹಕ್ಕಿಯಿದು. ಹುಲ್ಲು ಎತ್ತರ ಬೆಳೆದರೆ ಹುಳುವೂ ಕಾಣದು, ಎರಗಿಬರುವ ಶತ್ರುವೂ ಕಾಣದು.

ನೋಡುವುದು ಹೇಗೆ? ಬ್ರೆಜಿಲ್‌ನಲ್ಲಿ 1986ರಲ್ಲಿ ಘೋಷಣೆಯಾದ ಲಗೋವಾ ದೊ ಪೇಶೆ ರಾಷ್ಟ್ರೀಯ ಉದ್ಯಾನ ಇದಕ್ಕೆ ಒಳ್ಳೆಯ ಜಾಗ. ನವೆಂಬರ್‌ನಿಂದ ಜನವರಿವರೆಗೆ ಸರೋವರದ ನೀರಿನ ಜೊತೆ ಪಕ್ಕದ ಹುಲ್ಲನ್ನೂ ದುರ್ಬೀನಿನಲ್ಲಿ ಹುಡುಕಿ. ತಿಳಿಕಂದು ಎದೆ, ಹಳದಿ ಕಾಲು ಇದರ ಗುರುತು. ದೂರದಿಂದಲೇ ನೋಡಿ, ಹತ್ತಿರ ಹೋಗಿ ಹಾರಿಸಬೇಡಿ.

ನಿಜವಾದ ಅಪಾಯ: ಹುಲ್ಲುಗಾವಲನ್ನು ಉತ್ತು ಸೋಯಾ ಬೆಳೆಯುವುದು, ಪೈನ್ ಮರ ನೆಡುವುದು. ಒಮ್ಮೆ ಉತ್ತ ಹುಲ್ಲುಗಾವಲು ಸುಲಭವಾಗಿ ಮರಳದು.

ಗಮನಿಸಿ: ದನ ಮಿತಿಮೀರಿದರೂ ಹಾನಿಯೇ. ಎತ್ತರದ ಹುಲ್ಲೇ ಬೇಕಾದ ಹಕ್ಕಿಗಳೂ ಅಲ್ಲಿವೆ. ಹಾಗಾಗಿ ಗಿಡ್ಡ ಹುಲ್ಲು, ಎತ್ತರದ ಹುಲ್ಲು, ನೀರು ಮೂರೂ ಉಳಿಯಬೇಕು.