ಹೆಸರಿಲ್ಲದ ಕೂಟ: ಬಲಪಂಥೀಯ ಉಗ್ರತೆಯ ತತ್ತ್ವ, ಕಾರ್ಯ ಮತ್ತು ಲಾಂಛನಗಳ ವಿಚಾರ

ರಾಜಕೀಯ ಪಂಗಡಗಳ ಇತಿಹಾಸವನ್ನು ಬರೆಯುವವರು ಅವುಗಳ ಹೆಸರು, ಧ್ವಜ, ಪ್ರಣಾಳಿಕೆ ಮತ್ತು ಸದಸ್ಯರ ಪಟ್ಟಿಗಳಿಂದ ತೊಡಗುವುದು ವಾಡಿಕೆ. ಈ ಕುರುಹುಗಳಾವುವೂ ಇಲ್ಲದ ಪಂಗಡವೊಂದು ಎದುರಾದಾಗ ಇತಿಹಾಸಕಾರನು ಏನು ಮಾಡಬೇಕು? ೨೦೧೫ ಮತ್ತು ೨೦೧೭ರಲ್ಲಿ ಕರ್ನಾಟಕದಲ್ಲಿ ನಡೆದ ಎರಡು ಹತ್ಯೆಗಳ ತನಿಖೆಯು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ. ಲಾಂಛನವಿಲ್ಲದಿರುವುದೇ ಇಂಥ ಕೂಟದ ಮುಖ್ಯ ಲಕ್ಷಣವೆಂದೂ, ಅದರ ತತ್ತ್ವವನ್ನು ಅದು ನಂಬಿದ ಒಂದು ಪದದಲ್ಲಿ, ಬರೆದಿಟ್ಟ ಒಂದು ಪಟ್ಟಿಯಲ್ಲಿ, ಬಳಸಿದ ಒಂದು ಆಯುಧದಲ್ಲಿ ಅರಸಬೇಕೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಲಾಂಛನವೆಂಬುದು ಸ್ವಭಾವತಃ ಬಹಿರಂಗವಾದುದು. ಹೊಳಲು, ಮದ್ದೂರು, ಮಳವಳ್ಳಿಗಳ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ೧೯೩೮ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನವು ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿತು. ನಿಷೇಧಾಜ್ಞೆಯಿದ್ದರೂ ಧ್ವಜವನ್ನು ಏರಿಸಲಾಯಿತು. ಏರಿಸಿದವರು ತಮ್ಮ ಹೆಸರನ್ನು ಮರೆಮಾಚಲಿಲ್ಲ. ಬಂಧನಕ್ಕೆ ತಾವಾಗಿಯೇ ಮುಂದೆ ಬಂದರು. ಆಜ್ಞೆಯನ್ನು ಉಲ್ಲಂಘಿಸಿ ಅದರ ಫಲವನ್ನು ತಾವೇ ಅನುಭವಿಸಲು ಸಿದ್ಧರಾದುದರಿಂದ ಆ ಧ್ವಜಕ್ಕೆ ನೈತಿಕ ಬಲ ಬಂದಿತು. ಇದೇ ಜಿಲ್ಲೆಯ ಈ ಪ್ರಸಂಗವನ್ನು ಅಳತೆಗೋಲಾಗಿಟ್ಟುಕೊಂಡರೆ ಮುಂದಿನ ವಿಷಯವು ಹೆಚ್ಚು ಸ್ಪಷ್ಟವಾಗುತ್ತದೆ.

ಯೂರೋಪಿನ ಬಲಪಂಥೀಯ ಉಗ್ರ ಪಂಗಡಗಳೂ ಮೊದಲಿಗೆ ಲಾಂಛನವನ್ನು ಬಹಿರಂಗವಾಗಿಯೇ ಮೆರೆಸಿದುವು. ೧೯೨೨ರಲ್ಲಿ ಇಟಲಿಯ ಕಪ್ಪು ಅಂಗಿಯವರು ರೋಮ್ ನಗರದತ್ತ ನಡೆದರು. ನಮ್ಮ ಮನೆಗಳ ಹೊಸ್ತಿಲ ಮೇಲೆ ಮಂಗಳಸೂಚಕವಾಗಿ ಬರೆಯುವ ಸ್ವಸ್ತಿಕವನ್ನು ಜರ್ಮನಿಯ ನಾತ್ಸಿ ಪಕ್ಷವು ೧೯೨೦ರಲ್ಲಿ ತನ್ನ ಧ್ವಜದ ಚಿಹ್ನೆಯಾಗಿ ಮಾಡಿಕೊಂಡಿತು. ಆದರೆ ಅದೇ ಜರ್ಮನಿಯಲ್ಲಿ ಇನ್ನೊಂದು ಮಾದರಿಯೂ ಹುಟ್ಟಿತು. ೧೯೨೦ರ ಮಾರ್ಚಿಯಲ್ಲಿ ಶಿರಸ್ತ್ರಾಣಗಳ ಮೇಲೆ ಸ್ವಸ್ತಿಕವನ್ನು ಧರಿಸಿ ಬರ್ಲಿನ್ ನಗರವನ್ನು ಹೊಕ್ಕ ಎರ್‌ಹಾರ್ಟ್ ದಳದ ಕ್ಷಿಪ್ರಕ್ರಾಂತಿಯು ವಿಫಲವಾಯಿತು. ದಳವು ವಿಸರ್ಜನೆಗೊಂಡ ಮೇಲೆ ಅದರವರಲ್ಲಿ ಕೆಲವರು ‘ಆರ್ಗನಿಸಾಟ್ಸಿಯೋನ್ ಕೊನ್ಸುಲ್’ ಎಂಬ ಗುಪ್ತಕೂಟವಾಗಿ ಮಾರ್ಪಟ್ಟರು. ೧೯೨೧ರಲ್ಲಿ ಎರ್ಟ್ಸ್‌ಬೆರ್ಗರ್, ೧೯೨೨ರಲ್ಲಿ ವಿದೇಶಾಂಗ ಸಚಿವ ರಾಥೆನೌ ಈ ಕೂಟದವರ ಗುಂಡಿಗೆ ಬಲಿಯಾದರು. ಲಾಂಛನವು ಮರೆಯಾದೊಡನೆ ಹಿಂಸೆಯು ಮರೆಯಾಗಲಿಲ್ಲ. ಬೀದಿಯನ್ನು ಬಿಟ್ಟು ಕತ್ತಲೆಗೆ ಸರಿಯಿತು. ಎಮಿಲ್ ಗುಂಬೆಲ್ ಎಂಬ ಸಂಖ್ಯಾಶಾಸ್ತ್ರಜ್ಞನು ಅಂದಿನ ರಾಜಕೀಯ ಕೊಲೆಗಳನ್ನು ಒಂದೊಂದಾಗಿ ಲೆಕ್ಕಹಾಕಿ, ಬಲಪಂಥೀಯರಿಂದ ೩೫೪, ಎಡಪಂಥೀಯರಿಂದ ೨೨ ಎಂದು ೧೯೨೨ರಲ್ಲಿ ಪ್ರಕಟಿಸಿದನು. ಗುಪ್ತಕೂಟದ ಇತಿಹಾಸವನ್ನು ಬರೆಯಲು ಅದರ ಘೋಷಣೆಗಳಿಗಿಂತ ಅದರ ಕೃತ್ಯಗಳ ಎಣಿಕೆಯೇ ಹೆಚ್ಚು ಉಪಯುಕ್ತವೆಂಬ ಪಾಠವನ್ನು ನಾವು ಅವನಿಂದ ಕಲಿಯಬಹುದು.

ಈಗ ಕರ್ನಾಟಕದ ಪ್ರಸಂಗಕ್ಕೆ ಬರೋಣ. ಪುಣೆಯಲ್ಲಿ ನರೇಂದ್ರ ದಾಭೋಲ್ಕರ್ (ಆಗಸ್ಟ್ ೨೦, ೨೦೧೩) ಮತ್ತು ಕೊಲ್ಲಾಪುರದಲ್ಲಿ ಗೋವಿಂದ ಪಾನಸರೆ (ಫೆಬ್ರವರಿ ೨೦೧೫) ಅವರ ಹತ್ಯೆಗಳಾದ ತರುವಾಯ, ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ತಮ್ಮ ಮನೆಯಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು ಗುಂಡೇಟಿಗೆ ಬಲಿಯಾದರು. ೨೦೧೭ರ ಸೆಪ್ಟೆಂಬರ್ ೫ರಂದು ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಅವರ ಮನೆಯ ಮುಂದೆಯೇ ಕೊಲ್ಲಲಾಯಿತು. ಈ ಎರಡು ಹತ್ಯೆಗಳಲ್ಲಿಯೂ ಬಳಕೆಯಾದುದು ೭.೬೫ ಮಿ.ಮೀ. ಅಳತೆಯ ಒಂದೇ ನಾಡ ಪಿಸ್ತೂಲೆಂದು ನ್ಯಾಯವಿಜ್ಞಾನ ಪ್ರಯೋಗಾಲಯವು ವರದಿ ಮಾಡಿತು. ಹೇಳಿಕೆಯನ್ನೇ ನೀಡದ ಕೂಟದ ಮೊದಲ ದಾಖಲೆಯು ಹೀಗೆ ಗುಂಡಿನ ಮೇಲೆ ಉಳಿದ ಗೆರೆಗಳ ರೂಪದಲ್ಲಿ ದೊರೆಯಿತು. ಗೌರಿಯವರ ಪ್ರಕರಣದಲ್ಲಿ ಮೊದಲು ಬಂಧಿತನಾದವನು ಮದ್ದೂರಿನ ಒಬ್ಬ ಯುವಕನೆಂಬುದು ನಮ್ಮ ಭಾಗದವರು ಗಮನಿಸಬೇಕಾದ ಸಂಗತಿಯಾಗಿದೆ.

ವಿಶೇಷ ತನಿಖಾ ದಳವು ೨೦೧೮ರ ನವೆಂಬರಿನಲ್ಲಿ ೧೮ ಆರೋಪಿಗಳ ಮೇಲೆ ಒಂಬತ್ತು ಸಾವಿರಕ್ಕೂ ಹೆಚ್ಚು ಪುಟಗಳ ದೋಷಾರೋಪ ಪಟ್ಟಿಯನ್ನು ಸಲ್ಲಿಸಿತು. ಅದರ ಪ್ರಕಾರ ಈ ಕೂಟಕ್ಕೆ ಹೆಸರಿರಲಿಲ್ಲ; ಸದಸ್ಯರು ಪರಸ್ಪರ ಅಡ್ಡಹೆಸರುಗಳಿಂದಲೇ ವ್ಯವಹರಿಸುತ್ತಿದ್ದರು. ಅವರನ್ನು ಒಂದುಗೂಡಿಸಿದುದು ಸನಾತನ ಸಂಸ್ಥೆಯು ಪ್ರಕಟಿಸಿದ ‘ಕ್ಷಾತ್ರಧರ್ಮ ಸಾಧನಾ’ ಎಂಬ ಪುಸ್ತಕವೆಂದು ತನಿಖೆಯವರು ಹೇಳುತ್ತಾರೆ. ಈ ಹತ್ಯೆಗಳಿಗೂ ತನಗೂ ಸಂಬಂಧವಿಲ್ಲವೆಂದು ಆ ಸಂಸ್ಥೆಯು ನಿರಾಕರಿಸಿದೆ. ಇಲ್ಲಿ ವಿಚಾರಾರ್ಹವಾದುದು ‘ದುರ್ಜನ’ ಎಂಬ ಪದ. ಸಾಮಾನ್ಯ ಕನ್ನಡದಲ್ಲಿ ಅದು ಕೆಟ್ಟ ನಡತೆಯವನನ್ನು ಸೂಚಿಸುವ ನೀತಿಪದ. ಕೂಟದ ನಿಘಂಟಿನಲ್ಲಾದರೋ ಧರ್ಮವನ್ನು ವಿಮರ್ಶಿಸುವವನೇ ದುರ್ಜನ. ಅವನ ನಾಶವೇ ಸಾಧನೆ. ಅಭಿಪ್ರಾಯಭೇದವನ್ನು ಪಾಪವೆಂದೂ, ಕೊಲೆಯನ್ನು ಪೂಜೆಯೆಂದೂ ಕರೆಯುವ ಈ ಅರ್ಥಪಲ್ಲಟವೇ ಅದರ ತತ್ತ್ವದ ತಿರುಳು.

ಕಾರ್ಯವಿಧಾನವು ಈ ತತ್ತ್ವವನ್ನೇ ಅನುಸರಿಸಿತು. ಗೌರಿಯವರು ೨೦೧೨ರಲ್ಲಿ ಮಂಗಳೂರಿನಲ್ಲಿ ಮಾಡಿದ ಭಾಷಣವೊಂದರ ದೃಶ್ಯಮುದ್ರಿಕೆಯನ್ನು ತೋರಿಸಿ ಯುವಕರನ್ನು ಸಿದ್ಧಗೊಳಿಸಲಾಯಿತೆಂದು ಆರೋಪವಿದೆ. ವಶವಾದ ದಿನಚರಿಯಲ್ಲಿ ಗಿರೀಶ ಕಾರ್ನಾಡ ಮೊದಲಾದವರ ಹೆಸರುಗಳು ಕಂಡುಬಂದುವು, ಮೈಸೂರಿನ ಕೆ. ಎಸ್. ಭಗವಾನ್ ಅವರ ಹತ್ಯೆಗೂ ಸಂಚು ನಡೆದಿತ್ತೆಂದು ಪೊಲೀಸರು ತಿಳಿಸಿದರು. ಧ್ವಜವಿಲ್ಲದ ಕೂಟಕ್ಕೆ ಹೀಗೆ ಹೆಸರುಗಳ ಪಟ್ಟಿಯೇ ಲಾಂಛನವಾಯಿತು. ಲಾಂಛನವನ್ನು ತೊರೆದುದರಿಂದ ಅದಕ್ಕೆ ಒದಗಿದ ಪ್ರಯೋಜನವೂ ಸ್ಪಷ್ಟ: ಹೆಸರಿಲ್ಲದುದನ್ನು ನಿಷೇಧಿಸುವುದು ಸುಲಭವಲ್ಲ, ಯಾವ ಬಹಿರಂಗ ಸಂಸ್ಥೆಯೂ ಅದರ ಹೊಣೆ ಹೊರಬೇಕಾಗಿಲ್ಲ.

ಆದರೆ ಇತಿಹಾಸಕಾರನು ನ್ಯಾಯಾಲಯಕ್ಕಿಂತ ಮುಂದೆ ಓಡಬಾರದು. ಗೌರಿಯವರ ಪ್ರಕರಣದ ಸಾಕ್ಷಿವಿಚಾರಣೆಯು ೨೦೨೨ರಲ್ಲಿ ಆರಂಭವಾಯಿತು. ಆರೋಪಿಗಳಲ್ಲಿ ಅನೇಕರಿಗೆ ಜಾಮೀನು ದೊರೆತಿದೆ. ದಾಭೋಲ್ಕರ್ ಪ್ರಕರಣದಲ್ಲಿ ೨೦೨೪ರ ಮೇ ೧೦ರಂದು ಪುಣೆಯ ನ್ಯಾಯಾಲಯವು ಗುಂಡು ಹಾರಿಸಿದ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿ, ಸಂಚಿನಲ್ಲಿ ಭಾಗಿಗಳೆಂದು ಆರೋಪಿತರಾಗಿದ್ದವರೂ ಸೇರಿ ಮೂವರನ್ನು ಬಿಡುಗಡೆ ಮಾಡಿತು. ಗುಂಡು ಹೊಡೆದ ಕೈ ಸಾಬೀತಾಗಿ, ಅದನ್ನು ನಡೆಸಿದ ಬುದ್ಧಿ ಸಾಬೀತಾಗದೆ ಉಳಿಯುವುದು ಗುಪ್ತಕೂಟಗಳ ವಿಚಾರದಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕು. ಆರೋಪವನ್ನು ಆರೋಪವೆಂದೂ, ತೀರ್ಪನ್ನು ತೀರ್ಪೆಂದೂ ಬರೆಯುವ ಶಿಸ್ತನ್ನು ಬಿಟ್ಟರೆ, ವಿಚಾರಣೆಯಿಲ್ಲದೆ ಮನುಷ್ಯರನ್ನು ಪಟ್ಟಿಗೆ ಸೇರಿಸುವವರ ಮಾರ್ಗವನ್ನೇ ನಾವೂ ಹಿಡಿದಂತಾಗುತ್ತದೆ.

ಕಲಬುರ್ಗಿಯವರು ಶಾಸನ, ಹಸ್ತಪ್ರತಿ ಮತ್ತು ವಚನಗಳ ಸಂಶೋಧಕರು. ‘ಮಾರ್ಗ’ ಸಂಪುಟಗಳ ಕರ್ತೃ. ಅವರ ನಿರ್ಣಯಗಳೆಲ್ಲವನ್ನೂ ಒಪ್ಪಬೇಕೆಂದೇನೂ ಇಲ್ಲ. ಆಧಾರವನ್ನು ಮುಂದಿಟ್ಟು ಹೆಸರು ಹಾಕಿ ಬರೆದವನಿಗೆ, ಆಧಾರವನ್ನು ಮುಂದಿಟ್ಟು ಹೆಸರು ಹಾಕಿಯೇ ಉತ್ತರ ಕೊಡುವುದು ವಿದ್ವತ್ತಿನ ಧರ್ಮ. ಶಿವಪುರದಲ್ಲಿ ಧ್ವಜ ಹಿಡಿದವರದೂ ಇದೇ ಧರ್ಮವಾಗಿತ್ತು. ಧಾರವಾಡದ ಆ ಮನೆಯಲ್ಲಿ ಹೆಸರಿಲ್ಲದ ಉತ್ತರವು ಬಂದಿತು. ಆದುದರಿಂದ ಈ ವಿಷಯವು ಕೇವಲ ಪೊಲೀಸ್ ಕಡತಕ್ಕೆ ಸೇರಿದುದಲ್ಲ. ಗ್ರಂಥಾಲಯದಲ್ಲಿ ಕುಳಿತು ಬರೆಯುವ ಪ್ರತಿಯೊಬ್ಬನಿಗೂ ಸೇರಿದುದು. ತಾನು ಓದುವ ಹೊತ್ತಗೆಯು ಎದುರಾಳಿಯನ್ನು ವಾದದಿಂದ ಗೆಲ್ಲಬೇಕೆನ್ನುತ್ತದೆಯೋ ಇಲ್ಲವೆ ಇಲ್ಲವಾಗಿಸಬೇಕೆನ್ನುತ್ತದೆಯೋ ಎಂದು ಪರೀಕ್ಷಿಸಿ ನೋಡುವುದನ್ನು ವಿದ್ಯಾರ್ಥಿಗೆ ಕಲಿಸಿದರೆ, ಇತಿಹಾಸದ ಅಧ್ಯಾಪಕನು ತನ್ನ ಕರ್ತವ್ಯದ ಬಹುಭಾಗವನ್ನು ನೆರವೇರಿಸಿದಂತಾಗುವುದು.