ಕೈಪಿಡಿ ಹೇಳದೆ ಬಿಟ್ಟಿದ್ದು

1979ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಿಂದ ಹೊರಬಂದ ಯುನಿಕ್ಸ್ ಏಳನೆಯ ಆವೃತ್ತಿಯ ಕೈಪಿಡಿಯಲ್ಲಿ ‘ಗೆಟ್ಸ್’, ‘ಎಫ್‌ಗೆಟ್ಸ್’ ಎಂಬ ಎರಡು ಫಂಕ್ಷನ್‌ಗಳಿಗೆ ಒಂದೇ ಪುಟ. ಸಿ ಭಾಷೆಯಲ್ಲಿ ಎರಡರ ಕೆಲಸವೂ ಒಂದು ಸಾಲು ಓದುವುದೇ. ಗೆಟ್ಸ್ ಓದುವುದು ಕೀಬೋರ್ಡಿನಂಥ ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ, ಎಫ್‌ಗೆಟ್ಸ್ ತೆರೆದಿಟ್ಟ ಯಾವ ಫೈಲಿನಿಂದಲಾದರೂ ಸರಿ.

ಪುಟದ ಕೊನೆಯಲ್ಲಿ ‘ದೋಷಗಳು’ ಎಂಬ ತಲೆಬರಹದಡಿ ಇದ್ದದ್ದು ಒಂದೇ ತಕರಾರು. ಸಾಲಿನ ತುದಿಯ ನ್ಯೂಲೈನ್ ಅಕ್ಷರವನ್ನು ಗೆಟ್ಸ್ ತೆಗೆದುಹಾಕುತ್ತದೆ, ಎಫ್‌ಗೆಟ್ಸ್ ಉಳಿಸಿಕೊಳ್ಳುತ್ತದೆ. ಹಳೆಯ ಪ್ರೋಗ್ರಾಂಗಳು ಕೆಡದಿರಲೆಂದು ಹಾಗೆ ಬಿಟ್ಟಿದೆ, ಅಷ್ಟೆ.

ಪ್ರಾಣಕ್ಕೆ ಬರುವ ವ್ಯತ್ಯಾಸ ಬೇರೆಯೇ ಇತ್ತು. ಎಷ್ಟು ಜಾಗವಿದೆಯೆಂದು ಎಫ್‌ಗೆಟ್ಸ್‌ಗೆ ಹೇಳಬೇಕು, ಆ ಮಿತಿ ಮೀರದೆ ಅದು ನಿಲ್ಲುತ್ತದೆ. ಗೆಟ್ಸ್‌ಗೆ ಹೇಳುವ ದಾರಿಯೇ ಇಲ್ಲ. 80 ಅಕ್ಷರದ ಜಾಗಕ್ಕೆ 200 ಅಕ್ಷರದ ಸಾಲು ಬಂದರೂ ಪಕ್ಕದ ಮೆಮೊರಿಯ ಮೇಲೆ ಬರೆಯುತ್ತಲೇ ಹೋಗುತ್ತದೆ. ಆರ್ಗ್ಯುಮೆಂಟುಗಳನ್ನು ಹೋಲಿಸಿ ನೋಡಿದವರು ಇದನ್ನು ಊಹಿಸಬಹುದಿತ್ತು. ಕೈಪಿಡಿ ಮಾತ್ರ ಬಾಯಿಬಿಡಲಿಲ್ಲ.

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್ ಇಂಟರ್‌ನೆಟ್‌ಗೆ ಬಿಟ್ಟ ವರ್ಮ್ ಹೊಕ್ಕ ಬಾಗಿಲುಗಳಲ್ಲಿ ಇದೂ ಒಂದು. ಬಳಕೆದಾರರ ವಿವರ ಕೊಡುವ ‘ಫಿಂಗರ್’ ಸೇವೆಯ ಪ್ರೋಗ್ರಾಂ 512 ಬೈಟ್‌ಗಳ ಜಾಗವಿಟ್ಟುಕೊಂಡು ಗೆಟ್ಸ್‌ನಿಂದ ಓದುತ್ತಿತ್ತು. ವರ್ಮ್ 536 ಬೈಟ್ ಕಳಿಸಿತು. ಆಗಿನ ಅಂದಾಜಿನಂತೆ ಸುಮಾರು 6,000 ಯಂತ್ರಗಳು ಸೋಂಕಿಗೆ ಸಿಕ್ಕವು. ಹುಡುಗನ ಅಪ್ಪ ಇದೇ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಪಾಸ್‌ವರ್ಡ್‌ಗಳ ಭದ್ರತೆಗೆ ದುಡಿದವರು ಎಂಬುದು ವಿಧಿಯ ಕುಚೋದ್ಯವೇ ಸರಿ. ಫಿಂಗರ್‌ಗೆ ಹಾಕಿದ ತೇಪೆ ಚಿಕ್ಕದು: ಗೆಟ್ಸ್ ಇದ್ದಲ್ಲಿ ಎಫ್‌ಗೆಟ್ಸ್.

ಇಷ್ಟಾದರೂ ಮರುವರ್ಷ ಬಂದ ಸಿ ಭಾಷೆಯ ಆನ್ಸಿ ಮಾನಕ ಗೆಟ್ಸನ್ನು ಉಳಿಸಿಕೊಂಡಿತು, 1999ರದೂ ಕೈಬಿಡಲಿಲ್ಲ. ಕೋಟಿಗಟ್ಟಲೆ ಸಾಲುಗಳ ಹಳೆಯ ಕೋಡ್ ಒಡೆಯುತ್ತದೆಂಬ ಭಯಕ್ಕೆ ಆಧಾರವೂ ಇತ್ತು. ಆ ಕೋಡಿನಲ್ಲೆಲ್ಲ ಗೆಟ್ಸ್ ಬದಲು ಎಫ್‌ಗೆಟ್ಸ್ ಎಂದು ಹೆಸರು ಬದಲಿಸಿದರಷ್ಟೇ ಸಾಲದು. ಬಳಕೆದಾರ ‘ಯೆಸ್’ ಎಂದು ಒತ್ತಿದರೂ ತುದಿಯಲ್ಲುಳಿದ ನ್ಯೂಲೈನ್‌ನಿಂದಾಗಿ ಹೋಲಿಕೆ ತಪ್ಪುತ್ತದೆ. ಕೊನೆಗೆ 2011ರ ಮಾನಕ ಗೆಟ್ಸನ್ನು ಕಿತ್ತುಹಾಕಿತು. ಅಷ್ಟರೊಳಗೆ ಲಿನಕ್ಸ್ ಕೈಪಿಡಿ ಅದನ್ನು ಎಂದಿಗೂ ಬಳಸಬೇಡಿ ಎಂದು ನೇರವಾಗಿ ಬರೆದುಬಿಟ್ಟಿತ್ತು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಟರ್ಬೊ ಸಿಯ ನೀಲಿ ಪರದೆಯ ಮುಂದೆ ಕಲಿತವರು ಗೆಟ್ಸ್ ಬರೆದೇ ಲ್ಯಾಬ್ ರೆಕಾರ್ಡ್ ತುಂಬಿಸಿದರು. ಈ ಫಂಕ್ಷನ್ ಅಪಾಯಕಾರಿ ಎಂಬ ಎಚ್ಚರಿಕೆ ಅವರಲ್ಲಿ ಹಲವರ ಕಣ್ಣಿಗೆ ಬಿದ್ದದ್ದು ಲಿನಕ್ಸ್‌ನಲ್ಲಿ ಅದೇ ಪ್ರೋಗ್ರಾಂ ಕಂಪೈಲ್ ಮಾಡಿದಾಗ.