ಪಾಯಖಾನೆಯ ಗಾಳಿಕೊಳವೆ

ಬೆಳಗಾವಿಯ ಟಿಳಕವಾಡಿಯಲ್ಲಿ 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ ಪಾಯಖಾನೆಗಳ ಶುಚಿತ್ವಕ್ಕೆ ಸ್ವಯಂಸೇವಕರೇ ನಿಂತರೆಂದು ತರಗತಿಯಲ್ಲಿ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಒಂದು ಜಾತಿಯ ತಲೆಗೆ ಕಟ್ಟಿದ್ದ ಕೆಲಸವದು. ಮಲದ ಮೇಲೆ ಒಣಮಣ್ಣು ಮುಚ್ಚಿರೆಂದು ಗಾಂಧೀಜಿ ಹೇಳುತ್ತಿದ್ದರು. ಆದರೆ ಖಾನಾಪುರದ ಕಾಡಂಚಿನಲ್ಲಿ, ಕಣಕುಂಬಿಯ ಆಷಾಢದ ಮಳೆಯಲ್ಲಿ, ಒಣಮಣ್ಣನ್ನು ಎಲ್ಲಿಂದ ತರುವುದು?

1970ರ ದಶಕದಲ್ಲಿ ಅಂದಿನ ರೊಡೇಷಿಯಾದ (ಇಂದಿನ ಜಿಂಬಾಬ್ವೆ) ಬ್ಲೇರ್ ಪ್ರಯೋಗಾಲಯದ ಪೀಟರ್ ಮಾರ್ಗನ್ ಅವರು ಗುಂಡಿಯಿಂದ ಮಾಡಿನ ಮೇಲಕ್ಕೆ ನೇರವಾದ ಕೊಳವೆಯೊಂದನ್ನು ನಿಲ್ಲಿಸಿದರು. ಅದರ ಬಾಯ ಮೇಲೆ ಬೀಸುವ ಗಾಳಿ ಒಳಗಿನ ನಾತವನ್ನು ಮೇಲಕ್ಕೆಳೆಯುತ್ತದೆ. ಬೆಳಕನ್ನರಸಿ ಏರುವ ನೊಣಗಳು ತುದಿಯ ಜಾಲರಿಯಲ್ಲಿ ಸಿಕ್ಕಿ ಸಾಯುತ್ತವೆ. ಅದಕ್ಕಾಗಿ ಕೋಣೆಯೊಳಗೆ ಮಬ್ಬಿರಬೇಕು. ಗೊಬ್ಬರದ ಪಾಯಖಾನೆಯ ನಾತಕ್ಕೂ ಇದೇ ಮದ್ದು. ಖಾನಾಪುರದ ತೋಟದಲ್ಲಿ ಮನೆ ಕಟ್ಟುವವರು ಕೊಳವೆಯನ್ನು ಮರಗಳ ಮರೆಯಲ್ಲಿ ಅಡಗಿಸದೆ ಬಯಲುಗಾಳಿಗೆ ನಿಲ್ಲಿಸಲಿ.